ಶಂಖಪುಷ್ಪ, ಶಂಖಪುಷ್ಪಿ, ವಿಷ್ಣುಕ್ರಾಂತಿ: ನಿಮ್ಮ ಕೈಯಲ್ಲಿರುವುದು ಯಾವುದು?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ, ವಯಸ್ಸು 17. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಅಂತಾಳೆ. ನೆನಪಿನ ಶಕ್ತಿಗೆ ಶಂಖಪುಷ್ಪಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಕಾಂಪೌಂಡಿನ ಮೇಲೆ ನೀಲಿ ಶಂಖಪುಷ್ಪದ ಬಳ್ಳಿ ಹಬ್ಬಿದೆ, ದಿನಾ ಹತ್ತಾರು ಹೂ ಬಿಡುತ್ತದೆ. ಅದನ್ನೇ ಚಹಾ ಮಾಡಿ ಕೊಡಬಹುದೇ, ಅಂಗಡಿಯ ಸಿರಪ್ಪೇ ಬೇಕೇ? ಅತ್ತೆಯವರಿಗೆ 68 ವರ್ಷ. ಫಿಟ್ಸ್‌ಗೆ ಬಹಳ ವರ್ಷದಿಂದ ಫೆನಿಟಾಯಿನ್ ಮಾತ್ರೆ ನುಂಗುತ್ತಾರೆ. ಅವರಿಗೂ ಈಚೆಗೆ ಮರೆವು. ಅದೇ ಸಿರಪ್ಪನ್ನು ಅವರಿಗೂ ಕೊಟ್ಟರೆ ಆದೀತೇ?

ಉತ್ತರ: ಅತ್ತೆಯವರ ವಿಷಯ ಮೊದಲು. ಅವರಿಗೆ ಶಂಖಪುಷ್ಪಿ ಸಿರಪ್ ಕೊಡಬೇಡಿ, ಒಂದು ಚಮಚವೂ ಬೇಡ. ಈಗಾಗಲೇ ಕೊಡಲು ಶುರುಮಾಡಿದ್ದರೆ ನಿಲ್ಲಿಸಿ, ಅವರ ನರರೋಗ ವೈದ್ಯರಿಗೆ ಇವತ್ತೇ ತಿಳಿಸಿ. ಫೆನಿಟಾಯಿನ್ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಇದು ಬರೀ ಅಂಜಿಕೆಯ ಮಾತಲ್ಲ. ಫೆನಿಟಾಯಿನ್ ಜೊತೆಗೆ ಶಂಖಪುಷ್ಪಿಯ ಸಿರಪ್ಪನ್ನೂ ಕುಡಿಯುತ್ತಿದ್ದ ಇಬ್ಬರು ರೋಗಿಗಳಲ್ಲಿ, ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಮರುಕಳಿಸಿತು. ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಇಳಿದಿತ್ತು. ಅದನ್ನು ಗಮನಿಸಿದ ಮುಂಬೈನ ವೈದ್ಯ ಸಂಶೋಧಕರು ಇಲಿಗಳಲ್ಲಿ ಪರೀಕ್ಷಿಸಿದರು. ಎರಡನ್ನೂ ಕೆಲವು ದಿನ ಒಟ್ಟಿಗೆ ಕೊಟ್ಟಾಗ ಫೆನಿಟಾಯಿನ್ ಮಟ್ಟವೂ ಕುಸಿಯಿತು, ಫಿಟ್ಸ್ ತಡೆಯುವ ಅದರ ಶಕ್ತಿಯೂ ತಗ್ಗಿತು. ಆ ವರದಿ ಪ್ರಕಟವಾದದ್ದು 1992ರಲ್ಲಿ. ಅಪಸ್ಮಾರ ಇರುವವರಿಗೆ ‘ಬ್ರೇನ್ ಟಾನಿಕ್’ ಎಂದು ಇದನ್ನೇ ಕೈಗಿಡುವವರು ಇವತ್ತಿಗೂ ಇದ್ದಾರೆ, ಅದೇ ಬೇಸರದ ಸಂಗತಿ. ಅಲ್ಲಿ ಪರೀಕ್ಷಿಸಿದ್ದು ಹಲವು ಮೂಲಿಕೆಗಳಿದ್ದ ಸಿರಪ್. ಅವುಗಳಲ್ಲಿ ಯಾವುದು ಈ ಕೆಲಸ ಮಾಡಿತೆಂದು ಬಿಡಿಸಿ ಹೇಳಲಾಗದು. ಹಾಗಾಗಿ ‘ಸಿರಪ್ ಬಿಟ್ಟು ಬರೀ ಪುಡಿ ಕೊಡುತ್ತೇವೆ’ ಎಂದು ದಾರಿ ಹುಡುಕುವುದೂ ಬೇಡ.

ಫೆನಿಟಾಯಿನ್ ಹೆಸರಿಗೆ ಇಷ್ಟು ಹೆದರುವುದಕ್ಕೆ ಕಾರಣವಿದೆ. ರಕ್ತದಲ್ಲಿ ಅದು ಸಾಮಾನ್ಯವಾಗಿ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಒಳಗೆ ಇರಬೇಕು. ಕೆಳಗಿಳಿದರೆ ಫಿಟ್ಸ್, ಮೇಲೇರಿದರೆ ವಿಷ. ಯಕೃತ್ತು ಅದನ್ನು ಕರಗಿಸುವ ವೇಗಕ್ಕೂ ಒಂದು ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಡೋಸ್ ತುಸು ಹೆಚ್ಚಾದರೂ ರಕ್ತದ ಮಟ್ಟ ಒಮ್ಮೆಗೇ ಜಿಗಿಯುತ್ತದೆ. ಇದರಿಂದ ಇನ್ನೊಂದು ಅಪಾಯ ಹುಟ್ಟುತ್ತದೆ. ಸಿರಪ್ ಕುಡಿಯುತ್ತಿದ್ದ ಕಾಲದಲ್ಲಿ ಫಿಟ್ಸ್ ಬಂದು ವೈದ್ಯರು ಫೆನಿಟಾಯಿನ್ ಹೆಚ್ಚಿಸಿದ್ದಾರೆ ಎಂದುಕೊಳ್ಳಿ. ಆಮೇಲೆ ಸಿರಪ್ ನಿಲ್ಲಿಸಿದಿರಿ. ಅಡ್ಡಿ ಹೋಯಿತು, ಹೆಚ್ಚಿಸಿದ ಡೋಸ್ ಹಾಗೇ ಉಳಿಯಿತು. ಕೆಲವು ದಿನಗಳಲ್ಲಿ ನಡಿಗೆ ತೂರಾಡುವುದು, ಒಂದು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ಅದುರುವುದು, ಮಾತು ತೊದಲುವುದು ಶುರುವಾಗಬಹುದು. ಸಿರಪ್ ಕುಡಿದದ್ದನ್ನು ಮುಚ್ಚಿಡದೆ ಹೇಳಿದರೆ ವೈದ್ಯರು ಮುಂದಿನ ಮಾತ್ರೆಗೆ ಸ್ವಲ್ಪ ಮೊದಲು ರಕ್ತ ತೆಗೆಸಿ ಮಟ್ಟ ನೋಡಿ ಸರಿಪಡಿಸುತ್ತಾರೆ.

ಅವರ ಮರೆವಿಗೆ ಟಾನಿಕ್ ಹುಡುಕುವ ಮೊದಲು ಕಾರಣ ಹುಡುಕಬೇಕು. ಫೆನಿಟಾಯಿನ್ ಮಟ್ಟ ಹೆಚ್ಚಿದ್ದರೇ ಮಂಕು ಕವಿಯುತ್ತದೆ. ವಯಸ್ಸಾದವರಲ್ಲಿ ಆಲ್ಬುಮಿನ್ (ರಕ್ತದಲ್ಲಿ ಫೆನಿಟಾಯಿನ್ ಅಂಟಿಕೊಂಡಿರುವ ಪ್ರೋಟೀನು) ಕಡಿಮೆಯಿದ್ದರೆ ರಿಪೋರ್ಟಿನಲ್ಲಿ ಒಟ್ಟು ಮಟ್ಟ ಸರಿಯಾಗಿ ಕಂಡರೂ ಮಿದುಳಿಗೆ ತಲುಪುವ ಅಂಶ ಹೆಚ್ಚಿರಬಹುದು. ಆದ್ದರಿಂದ ಆಲ್ಬುಮಿನ್ನನ್ನೂ ನೋಡಿಸಿ. ಬಿ12, ಥೈರಾಯ್ಡ್, ಸೋಡಿಯಂ, ಫೋಲೇಟ್ ಪರೀಕ್ಷೆಗಳೂ ಆಗಲಿ. ಫೆನಿಟಾಯಿನ್ ಬಹುಕಾಲ ತೆಗೆದುಕೊಂಡವರಲ್ಲಿ ಫೋಲೇಟ್ ಇಳಿದಿರುವುದುಂಟು. ಹಾಗಂತ ಫೋಲಿಕ್ ಆಸಿಡ್ ಮಾತ್ರೆಯನ್ನು ನೀವೇ ಶುರುಮಾಡಬೇಡಿ. ಅದೂ ಫೆನಿಟಾಯಿನ್ ಮಟ್ಟವನ್ನು ತಗ್ಗಿಸುತ್ತದೆ.

ಇನ್ನು ಕಾಂಪೌಂಡಿನ ಬಳ್ಳಿಗೆ ಬರೋಣ. ಕನ್ನಡದಲ್ಲಿ ನಾವು ಶಂಖಪುಷ್ಪ ಅನ್ನುವುದು ಅವರೆ, ಅಲಸಂದೆಯ ಕುಟುಂಬದ ಬಳ್ಳಿ. ಗಿರಿಕರ್ಣಿಕೆ, ಅಪರಾಜಿತ ಎಂಬ ಹೆಸರುಗಳೂ ಇದರವೇ. ಸಸ್ಯಶಾಸ್ತ್ರದಲ್ಲಿ ಕ್ಲೈಟೋರಿಯಾ ಟರ್ನೇಟಿಯಾ. ಒಂದು ಎಲೆದಂಟಿಗೆ ಐದೋ ಏಳೋ ಎಲೆಗಳು, ಚಪ್ಪಟೆ ಕಾಯಿ, ಬಟಾಣಿ ಹೂವನ್ನು ಹೋಲುವ ದೊಡ್ಡ ನೀಲಿ ಅಥವಾ ಬಿಳಿ ಹೂ. ಸಿರಪ್ಪಿನ ಲೇಬಲ್ ಮೇಲಿನ ‘ಶಂಖಪುಷ್ಪಿ’ ಬೇರೆಯೇ ಗಿಡ. ಭಾರತದ ಆಯುರ್ವೇದ ಔಷಧಕೋಶ ಶಂಖಪುಷ್ಪಿ ಎಂದು ಒಪ್ಪಿರುವುದು ಕನ್ವಾಲ್ವುಲಸ್ ಪ್ಲೂರಿಕಾಲಿಸ್ ಎಂಬ ಮೂಲಿಕೆಯನ್ನು. ಈಗಿನ ಸಸ್ಯಶಾಸ್ತ್ರಜ್ಞರು ಅದನ್ನು ಕನ್ವಾಲ್ವುಲಸ್ ಪ್ರಾಸ್ಟ್ರೇಟಸ್ ಎನ್ನುತ್ತಾರೆ. ಅದು ಬಳ್ಳಿಯಾಗಿ ಮೇಲೇರುವುದಿಲ್ಲ, ನೆಲಕ್ಕಂಟಿ ಹರಡುತ್ತದೆ. ಗಟ್ಟಿ ಬೇರು, ರೋಮವಿರುವ ಸಣ್ಣ ದಂಟು, ಕಿರಿದಾದ ಉದ್ದನೆಯ ಬಿಡಿ ಎಲೆ, ಬಿಳಿ ಅಥವಾ ತಿಳಿಗುಲಾಬಿ ಬಣ್ಣದ ಆಲಿಕೆಯಂಥ ಹೂ. ರಾಜಸ್ಥಾನ, ಗುಜರಾತ್ ಕಡೆಯ ಮರಳು ನೆಲದಲ್ಲಿ ಧಾರಾಳ. ನಮ್ಮ ಗ್ರಂಧಿಗೆ ಅಂಗಡಿಗಳಿಗೆ ಸಾಮಾನ್ಯವಾಗಿ ಉತ್ತರದಿಂದ ಒಣಗಿಯೇ ಬರುತ್ತದೆ.

ಗೊಂದಲ ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಮ್ಮ ಬಯಲುಸೀಮೆಯ ಗೋಮಾಳಗಳಲ್ಲಿ, ಕಲ್ಲುಮಣ್ಣಿನ ನೆಲದಲ್ಲಿ ಬೆಳಿಗ್ಗೆ ಪುಟ್ಟ ನೀಲಿ ಕಣ್ಣಿನಂತೆ ಅರಳಿ ಮಧ್ಯಾಹ್ನ ದಾಟುವಷ್ಟರಲ್ಲಿ ಮುದುಡುವ ವಿಷ್ಣುಕ್ರಾಂತಿ ಗೊತ್ತಲ್ಲ, ಗಣೇಶನ 21 ಪತ್ರೆಗಳ ಪಟ್ಟಿಯಲ್ಲಿ ಹೆಸರಿರುವುದು, ಅದನ್ನೂ ಹಲವು ವೈದ್ಯರು ಶಂಖಪುಷ್ಪಿಯೆಂದೇ ಬಳಸುತ್ತಾರೆ. ಅದು ಇವಾಲ್ವುಲಸ್ ಆಲ್ಸಿನಾಯ್ಡಿಸ್. ಕೇರಳದ ವೈದ್ಯರು ಶಂಖಪುಷ್ಪಿ ಎಂದು ನಿಮ್ಮ ಕಾಂಪೌಂಡಿನ ಬಳ್ಳಿಯನ್ನೇ ತೆಗೆದುಕೊಳ್ಳುತ್ತಾರೆ. ಬಂಗಾಳದಲ್ಲಿ ಕ್ಯಾನ್ಸ್ಕೋರಾ ಎಂಬ ನಾಲ್ಕನೆಯ ಗಿಡ. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ‘ಬ್ರಾಹ್ಮಿ’ ಎಂಬ ಒಂದೇ ಹೆಸರಿನಲ್ಲಿ ಕೂಗುವ ನಮಗೆ ಇದೇನೂ ಹೊಸತಲ್ಲ.

ಕೈಯಲ್ಲಿ ಹೂವಿರುವ ಗಿಡವಿದ್ದರೆ ವಿಷ್ಣುಕ್ರಾಂತಿಯನ್ನೂ ಔಷಧಕೋಶದ ಶಂಖಪುಷ್ಪಿಯನ್ನೂ ಗುರುತಿಸುವುದು ಸುಲಭ. ಭೂತಗನ್ನಡಿ ಹಿಡಿದು ಹೂವಿನ ನಡುವೆ ನೋಡಿ. ಒಂದೇ ಶಲಾಕೆ (ಹೂವಿನ ನಡುವಿನ ಅಂಡಾಶಯದಿಂದ ಮೇಲೇಳುವ ತೆಳು ಕಡ್ಡಿ) ಇದ್ದು ತುದಿಯಲ್ಲಿ ಎರಡಾಗಿ ಸೀಳಿದ್ದರೆ ಕನ್ವಾಲ್ವುಲಸ್. ಬುಡದಿಂದಲೇ ಎರಡು ಶಲಾಕೆಗಳಿದ್ದು ಪ್ರತಿಯೊಂದೂ ಮತ್ತೆ ಎರಡಾಗಿದ್ದರೆ, ಅಂದರೆ ನಾಲ್ಕು ತುದಿ ಕಂಡರೆ, ಇವಾಲ್ವುಲಸ್. ಒಣಗಿ ಪುಡಿಯಾದ ಮೇಲೆ ಈ ಗುರುತು ಸಿಗದು. ಅದಕ್ಕೇ ಪುಡಿಗಿಂತ ಇಡೀ ಒಣಗಿದ ಗಿಡ ಕೊಳ್ಳುವುದು ಲೇಸು.

ಬೆಂಗಳೂರಿನ ನರ್ಸರಿಗಳಲ್ಲಿ ‘ವಿಷ್ಣುಕ್ರಾಂತಿ’ ಎಂದು ಮಾರುವ, ಬೆಳ್ಳಿ ಛಾಯೆಯ ಎಲೆ ಮತ್ತು ದೊಡ್ಡ ನೀಲಿ ಹೂವಿನ ಕುಂಡದ ಗಿಡ ಬಹುಪಾಲು ದಕ್ಷಿಣ ಅಮೆರಿಕದಿಂದ ಬಂದ ಅಲಂಕಾರಿಕ ಇವಾಲ್ವುಲಸ್. ಹುಲ್ಲುಹಾಸಿನಲ್ಲಿ ತಾನಾಗಿ ಹಬ್ಬುವ, ದುಂಡಗಿನ ಎಲೆ ಮತ್ತು ಪುಟ್ಟ ಬಿಳಿ ಹೂವಿನ ಕಳೆಯೂ ಅದೇ ಗುಂಪಿನ ಇನ್ನೊಂದು ವಲಸೆ ಗಿಡ. ಬಿಳಿ ಹೂ ಕಂಡ ಕೂಡಲೇ ಶಂಖಪುಷ್ಪಿ ಸಿಕ್ಕಿತೆಂದು ಕಿತ್ತು ಅರೆಯುವವರಿದ್ದಾರೆ. ಈ ಎರಡೂ ಔಷಧಿಗೆ ಬೇಡ.

ಗಿಡ ಬೇರೆಯಾದರೇನಂತೆ, ಎಲ್ಲವೂ ಬುದ್ಧಿಗೆ ಒಳ್ಳೆಯದಲ್ಲವೇ ಅಂದುಕೊಳ್ಳಬಹುದು. ನಿಮ್ಮ ಬಳ್ಳಿಯ ಬೇರು ಮತ್ತು ಬೀಜ ಭೇದಿ ಮಾಡಿಸುವಂಥವು. ಶಾಸ್ತ್ರಗಳು ಶಂಖಪುಷ್ಪಿಗೆ ಹೇಳುವುದು ಇಡೀ ಗಿಡವನ್ನು, ಬೇರುಸಮೇತ ಅರೆದ ಕಲ್ಕವನ್ನು. ಆ ಮಾತನ್ನು ಓದಿಕೊಂಡು ಕಾಂಪೌಂಡಿನ ಬಳ್ಳಿಯನ್ನು ಬೇರುಸಹಿತ ಅರೆದು ಕೊಟ್ಟರೆ ನೆನಪಿನ ಶಕ್ತಿಯ ಬದಲು ಹೊಟ್ಟೆನುಲಿತ, ನೀರುಭೇದಿ ಗ್ಯಾರಂಟಿ. ಅರೆತಲೆನೋವಿಗೆ ಇದರ ಬೇರಿನ ರಸವನ್ನು ಮೂಗಿಗೆ ಬಿಡುವ ಪದ್ಧತಿಯೂ ಇದೆ. ಅದು ವೈದ್ಯರ ಕೈಯಲ್ಲಿ ಆಗಬೇಕಾದ ನಸ್ಯ, ಅಡುಗೆಮನೆಯ ಕೆಲಸವಲ್ಲ. ಮಕ್ಕಳಿರುವ ಮನೆಯಲ್ಲಿ ಒಣಗಿದ ಕಾಯಿಗಳನ್ನು ಬಳ್ಳಿಯಲ್ಲೇ ಬಿಡದೆ ಕಿತ್ತುಬಿಡಿ. ಬಟಾಣಿಯೆಂದು ಬಾಯಿಗೆ ಹಾಕಿಕೊಳ್ಳುತ್ತವೆ.

ಹೂವಿನ ಕತೆ ಬೇರೆ. ಥಾಯ್ಲೆಂಡ್, ಮಲೇಷ್ಯಾದ ಜನ ಇದನ್ನು ಪಾನೀಯಕ್ಕೆ, ಅನ್ನಕ್ಕೆ ಬಣ್ಣವಾಗಿ ಬಹುಕಾಲದಿಂದ ಬಳಸಿದ್ದಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೂವಿನ ನೀರುಸಾರವನ್ನು ಆಹಾರದ ಬಣ್ಣವಾಗಿ 2021ರಲ್ಲಿ ಒಪ್ಪಿತು. ಆದರೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಒಣಹೂವಿನ ಬಗ್ಗೆ ಆಕ್ಷೇಪ ಎತ್ತಿತು. ಅದರ ಚಿಂತೆ ಗಿಡದಲ್ಲಿರುವ ಸೈಕ್ಲೋಟೈಡ್ ಎಂಬ ಸಣ್ಣ ಪ್ರೋಟೀನುಗಳದ್ದು. ಉಂಗುರದಂತೆ ಸುತ್ತಿಕೊಂಡ ರಚನೆಯಿಂದಾಗಿ ಅವು ಬಿಸಿಗೂ ಜೀರ್ಣರಸಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ಬಣ್ಣಕ್ಕೆಂದು ಆಗೀಗ ಕುಡಿಯುವುದು ಒಂದು, ಔಷಧಿಯೆಂದು ದಿನಕ್ಕೆ ಮೂರು ಲೋಟ ತಿಂಗಳುಗಟ್ಟಲೆ ಕುಡಿಯುವುದು ಇನ್ನೊಂದು ಎಂದು ಇದರಿಂದ ತಿಳಿಯಬೇಕು.

ಮಗಳಿಗೆ ಆಸೆಯಾದರೆ ಮಾಡಿಕೊಡಿ. ಆ ದಿನ ಅರಳಿದ ಐದಾರು ಹೂ ಸಾಕು. ಹೂವಿನೊಳಗೆ ಇರುವೆ ಕೂತಿರುತ್ತದೆ, ಬಿಡಿಸಿ ತೊಳೆಯಿರಿ. ಹಸಿರು ತೊಟ್ಟನ್ನು ಕಿತ್ತುಹಾಕಿ ನೀಲಿ ಎಸಳನ್ನಷ್ಟೇ ಉಳಿಸಿಕೊಳ್ಳಿ. ತೊಟ್ಟಿದ್ದರೆ ಹಸಿ ಅವರೆಕಾಯಿ ಸೊಗಡು ಬರುತ್ತದೆ. ಕುದಿದು ಇಳಿಸಿದ 200 ಮಿ.ಲೀ. ನೀರಿಗೆ ಹಾಕಿ ಐದು ನಿಮಿಷ ಮುಚ್ಚಿಟ್ಟು ಸೋಸಿ. ನಿಂಬೆರಸ ಹಿಂಡಿದರೆ ನೀಲಿ ಹೋಗಿ ನೇರಳೆಯಾಗುತ್ತದೆ. ಅದು ಹುಳಿಗೆ ಆ ಬಣ್ಣ ತೋರುವ ಪ್ರತಿಕ್ರಿಯೆ, ಔಷಧದ ಶಕ್ತಿಗೂ ಅದಕ್ಕೂ ನಂಟಿಲ್ಲ. ಇದರಲ್ಲಿ ಕೆಫೀನ್ ಇಲ್ಲ. ನಿದ್ದೆಗೆಡಿಸದು, ಎಚ್ಚರವನ್ನೂ ಇಡದು. ಬಳ್ಳಿ ರಸ್ತೆಯಂಚಿನಲ್ಲಿದ್ದರೆ ಅಥವಾ ಪಕ್ಕದ ತೋಟದಲ್ಲಿ ಕೀಟನಾಶಕ ಹೊಡೆಯುತ್ತಿದ್ದರೆ ಆ ಹೂ ದೇವರಿಗೇ ಇರಲಿ. ಓದಿದ್ದು ನೆನಪಿರುತ್ತದೆಂಬ ಭರವಸೆಯನ್ನು ಈ ಲೋಟದ ಮೇಲೆ ಇಡಬೇಡಿ.

ಔಷಧವಾಗಿಯೇ ಕೊಡಬೇಕೆಂದಿದ್ದರೆ ಔಷಧಕೋಶದ ಶಂಖಪುಷ್ಪಿಯನ್ನು ಕೊಡಿ. ಚರಕ ಸಂಹಿತೆ ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿಗೆ ಬಲ ಕೊಡುವ ಔಷಧಗಳಲ್ಲಿ, ಮಂಡೂಕಪರ್ಣಿ (ಒಂದೆಲಗ), ಜ್ಯೇಷ್ಠಮಧು, ಅಮೃತಬಳ್ಳಿಯ ಜೊತೆ ಇದೂ ಒಂದು; ನಾಲ್ಕರಲ್ಲೂ ಇದನ್ನೇ ವಿಶೇಷವೆಂದು ಎತ್ತಿ ಹೇಳಿದೆ. ಇಂದಿನ ಪ್ರಯೋಗಗಳ ಪುರಾವೆ ಮಾತ್ರ ಬಹುಪಾಲು ಇಲಿ, ಹೆಗ್ಗಣಗಳದ್ದು. ಮನುಷ್ಯರ ಮೇಲಿನ ಅಧ್ಯಯನಗಳು ಚಿಕ್ಕವು. ಮನಸ್ಸಿನ ತಳಮಳ ತಗ್ಗಿ ನಿದ್ದೆ ಹತ್ತಿದರೆ ಓದು ನಿಲ್ಲುವುದು ಸಹಜ. ಇದರಿಂದ ನಿರೀಕ್ಷಿಸಬೇಕಾದ ಲಾಭವೂ ಆ ಮಟ್ಟದ್ದೇ.

ಔಷಧಕೋಶದ ಪ್ರಕಾರ ದೊಡ್ಡವರಿಗೆ ಪುಡಿಯ ಪ್ರಮಾಣ 3ರಿಂದ 6 ಗ್ರಾಂ. 17ರ ಹುಡುಗಿಗೆ 3 ಗ್ರಾಂ ಮೀರುವುದು ಬೇಡ. ತಲೆಸಮ ಮಾಡಿದ ಒಂದು ಟೀ ಚಮಚಕ್ಕೆ ಸುಮಾರು ಎರಡೂವರೆ ಗ್ರಾಂ ಹಿಡಿಯುತ್ತದೆ, ಪುಡಿಯ ನುಣುಪಿನ ಮೇಲೆ ಹೆಚ್ಚುಕಡಿಮೆ. ಮೊದಲ ನಾಲ್ಕು ದಿನ ಅರ್ಧ ಚಮಚ ಕೊಟ್ಟು ಹೊಟ್ಟೆ ಹೇಗಿದೆ ನೋಡಿ, ಆಮೇಲೆ ಒಂದು ಚಮಚಕ್ಕೆ ಹೋಗಿ. ಉಗುರುಬೆಚ್ಚಗಿನ ಹಾಲಿನಲ್ಲಿ ಕಲಸಿ ಬೆಳಿಗ್ಗೆ ಒಮ್ಮೆ. ಕುಡಿದ ಮೇಲೆ ತೂಕಡಿಕೆ ಬಂದರೆ ರಾತ್ರಿಗೆ ಬದಲಿಸಿ. ಜೇನುತುಪ್ಪ ಬೇಕಾದರೆ ಹಾಲು ಆರಿದ ಮೇಲೆ ಸೇರಿಸಿ. ನಾಲ್ಕು ವಾರ ನೋಡಿ, ಗುಣ ಕಾಣದಿದ್ದರೆ ಪ್ರಮಾಣ ಏರಿಸುತ್ತಾ ಹೋಗದೆ ವೈದ್ಯರಿಗೆ ತೋರಿಸಿ. 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಈ ಲೆಕ್ಕ ಹಿಡಿದು ನೀವೇ ಕೊಡಬೇಡಿ.

ಪುಡಿ ಗಂಟಲಿಗೆ ಅಂಟುತ್ತದೆ ಎನ್ನುವವರಿಗೆ ಕ್ಷೀರಪಾಕ ಹಿತ. ಶಾಸ್ತ್ರದ ಅಳತೆ ಒಂದು ಭಾಗ ಮೂಲಿಕೆ, ಎಂಟು ಭಾಗ ಹಾಲು, 32 ಭಾಗ ನೀರು. ನೀರೆಲ್ಲ ಇಂಗಿ ಹಾಲು ಮಾತ್ರ ಉಳಿಯಬೇಕು. 3 ಗ್ರಾಂ ಮೂಲಿಕೆಗೆ ಆ ಲೆಕ್ಕದಲ್ಲಿ ಹಾಲು 24 ಮಿ.ಲೀ. ಆಗುತ್ತದೆ, ಪಾತ್ರೆಯ ತಳವೂ ಮುಚ್ಚದು. ಮನೆಯಲ್ಲಿ 100 ಮಿ.ಲೀ. ಹಾಲು, 400 ಮಿ.ಲೀ. ನೀರು ಇಟ್ಟುಕೊಳ್ಳಿ. ಮೂಲಿಕೆಯನ್ನು ನುಣ್ಣಗೆ ಮಾಡದೆ ತರಿತರಿಯಾಗಿ ಕುಟ್ಟಿ ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟುಕಟ್ಟಿ ಬಿಡಿ. ನುಣ್ಣನೆಯ ಪುಡಿ ಹಾಕಿದರೆ ತಳಕ್ಕೆ ಕೂತು ಹಾಲು ಸೀದುಹೋಗುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆ, ಸಣ್ಣ ಉರಿ, ಮುಚ್ಚಳ ಬೇಡ. ಬೆಲ್ಲವನ್ನು ಕುದಿಯುವಾಗ ಹಾಕಿದರೆ ಹಾಲು ಒಡೆಯಬಹುದು. ಕಲ್ಲುಸಕ್ಕರೆಗೆ ಆ ತೊಂದರೆಯಿಲ್ಲ. ಅಂದು ಮಾಡಿದ್ದನ್ನು ಅಂದೇ ಕುಡಿಯಬೇಕು, ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿಮಾಡುವುದು ಬೇಡ.

ಮಗಳು ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದರೆ ಇದಕ್ಕೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಹಾಲು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ನುಂಗುತ್ತಿಲ್ಲವಾದರೆ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವುದು) ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ‘ತಲೆಗೆ ಹತ್ತುತ್ತಿಲ್ಲ’ ಎಂಬ ದೂರಿನ ಹಿಂದೆ ರಕ್ತಹೀನತೆ, ಥೈರಾಯ್ಡ್ ಕೊರತೆ, ಐದು ಗಂಟೆಯ ನಿದ್ದೆ, ಈ ಮೂರರಲ್ಲಿ ಒಂದಿರುವುದು ತೀರ ಸಾಮಾನ್ಯ. ಥೈರಾಯ್ಡ್ ಹೆಸರು ಇಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. ಇದೇ ಶಂಖಪುಷ್ಪಿಯ ಬೇರಿನ ಸಾರ ಟಿ4 ಹಾರ್ಮೋನು ಟಿ3 ಆಗಿ ಬದಲಾಗುವುದನ್ನು ತಗ್ಗಿಸಿದ್ದು ಇಲಿಗಳಲ್ಲಿ ಕಂಡಿದೆ. ಥೈರಾಯ್ಡ್ ಕೊರತೆಗೆ ಮಾತ್ರೆ ನುಂಗುವವರು ವೈದ್ಯರ ಕಣ್ಗಾವಲಿಲ್ಲದೆ ಇದನ್ನು ವಾರಗಟ್ಟಲೆ ತೆಗೆದುಕೊಳ್ಳಬಾರದು. ನಿದ್ದೆಮಾತ್ರೆ, ಆತಂಕದ ಮಾತ್ರೆ, ಬಿಪಿ ಮಾತ್ರೆ ಇರುವವರಿಗೆ ಮಂಪರು ಹೆಚ್ಚಬಹುದು, ಬಿಪಿ ಅತಿಯಾಗಿ ಇಳಿಯಬಹುದು. ಆಪರೇಷನ್ನಿಗೆ ದಿನ ಗೊತ್ತಾಗಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ ಅರಿವಳಿಕೆ ವೈದ್ಯರಿಗೆ ತಿಳಿಸಿ. ಗರ್ಭಿಣಿಯರಿಗೂ ಎದೆಹಾಲುಣಿಸುವವರಿಗೂ ಬೇಡ.

ಸಿರಪ್ಪಿನ ಬಗ್ಗೆ ಕೇಳಿದಿರಿ. ನನ್ನ ಮತ ಪುಡಿಯ ಕಡೆಗೇ. ಔಷಧಕೋಶದ ಸರಳ ಸಿರಪ್ಪಿನಲ್ಲಿ ತೂಕದ ಮೂರನೆಯ ಎರಡು ಭಾಗ ಸಕ್ಕರೆಯೇ ಇರುತ್ತದೆ. ಮೂಲಿಕೆಯ ಸಿರಪ್ಪುಗಳ ಪಾಕವೂ ಹೆಚ್ಚುಕಡಿಮೆ ಅದೇ ಜಾತಿ. ಸಕ್ಕರೆರಹಿತವೆಂದು ಬರುವವುಗಳಲ್ಲಿ ಸಾರ್ಬಿಟಾಲ್ ಎಂಬ ಸಿಹಿಕಾರಕ ಇದ್ದರೆ ಕೆಲವರಿಗೆ ಭೇದಿ. ಆದರೂ ಸಿರಪ್ಪೇ ಬೇಕೆಂದರೆ ಮುಂಭಾಗದ ದೊಡ್ಡಕ್ಷರದ ಹೆಸರನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರವನ್ನು ಓದಿ. ಪ್ರತಿ 10 ಮಿ.ಲೀ.ಗೆ ಯಾವ ಗಿಡ, ಸಸ್ಯಶಾಸ್ತ್ರೀಯ ಹೆಸರು, ಯಾವ ಭಾಗ, ಎಷ್ಟು ಮಿಲಿಗ್ರಾಂ ಎಂದಿರಬೇಕು. ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ಮತ್ತು ಮುಗಿಯುವ ದಿನಾಂಕ ಇರಬೇಕು. ಬರೀ ‘ಶಂಖಪುಷ್ಪಿ’ ಎಂದಷ್ಟೇ ಬರೆದು ಗಿಡದ ಹೆಸರು ಹೇಳದ ಬಾಟಲಿಯನ್ನು ಅಲ್ಲೇ ಇಟ್ಟುಬನ್ನಿ. ಭಸ್ಮ (ಸುಟ್ಟು ಪುಡಿಮಾಡಿದ ಲೋಹ, ಖನಿಜ) ಬೆರೆತದ್ದನ್ನು ವೈದ್ಯರ ಚೀಟಿಯಿಲ್ಲದೆ ಮಕ್ಕಳಿಗೆ ಕೊಡಬಾರದು.

ಗ್ರಂಧಿಗೆ ಅಂಗಡಿಯಲ್ಲಿ ಒಣಗಿದ ಗಿಡ ಕೇಳುವಾಗ ಬೇರು, ದಂಟು, ಎಲೆ ಕೂಡಿಯೇ ಇರುವುದನ್ನು ಆರಿಸಿ. ಎಲೆ ಉದುರಿ ಬರೀ ಕಡ್ಡಿ ಉಳಿದಿದ್ದರೆ ಹಳೆಯದು. ಬೂಷ್ಟಿನ ವಾಸನೆ, ಬಿಳಿ ಹಿಟ್ಟಿನಂಥ ಶಿಲೀಂಧ್ರ, ಮರಳು ಹೆಚ್ಚಿದ್ದರೆ ಬಿಡಿ. ಲ್ಯಾವೆಂಡರಿನಂತೆ ಘಮ್ಮೆಂದರೆ ಅನುಮಾನಿಸಿ. ಕಾಡು ಲ್ಯಾವೆಂಡರ್ ಜಾತಿಯೊಂದನ್ನು ಇದಕ್ಕೆ ಬೆರಕೆ ಮಾಡುವುದುಂಟು. 100 ಗ್ರಾಮಿಗಿಂತ ಹೆಚ್ಚು ಒಮ್ಮೆಗೆ ತರಬೇಡಿ. ನೆರಳಲ್ಲಿ ಆರಿಸಿ ಕುಟ್ಟಿ ಜರಡಿ ಹಿಡಿದು ಗಾಜಿನ ಬಾಟಲಿಯಲ್ಲಿಡಿ, ಒದ್ದೆ ಚಮಚ ತಾಗಿಸಬೇಡಿ.

ಶಾಸ್ತ್ರ ಶಂಖಪುಷ್ಪಿಯನ್ನು ‘ಸರ’ ಎಂದೂ ಕರೆದಿದೆ, ಅಂದರೆ ಮಲವನ್ನು ಸಡಿಲಿಸುವಂಥದು. ಮೊದಲ ವಾರ ಒಂದೆರಡು ಸಲ ಹೆಚ್ಚು ಹೋಗಬೇಕಾದೀತು. ಪ್ರಮಾಣ ಅರ್ಧಕ್ಕಿಳಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಆ ಮೂಲಿಕೆ ಅವಳಿಗೆ ಒಗ್ಗಲಿಲ್ಲ ಅಥವಾ ತಂದದ್ದು ಬೇರೆ ಗಿಡ. ಮೈಮೇಲೆ ದದ್ದು, ಅತಿಯಾದ ಮಂಪರು, ತಲೆಸುತ್ತು ಕಂಡರೆ ಅಂದೇ ನಿಲ್ಲಿಸಿ. ಈ ಕಾರಣಕ್ಕೇ ಪರೀಕ್ಷೆಗೆ ಹತ್ತು ದಿನ ಇರುವಾಗ ಹೊಸದಾಗಿ ಶುರುಮಾಡಬೇಡಿ. ಈಗ ಕೊಡುತ್ತಿದ್ದು ಒಗ್ಗಿದ್ದರೆ ಪರೀಕ್ಷೆಯ ದಿನಗಳಲ್ಲೂ ಅದೇ ಪ್ರಮಾಣ ಸಾಕು. ಬೆಳಿಗ್ಗೆ ಕೊಡುವ ಅಭ್ಯಾಸವಿದ್ದರೆ ಆ ದಿನಗಳಲ್ಲಿ ಮಾತ್ರ ಸಂಜೆಗೆ ಬದಲಿಸಿ, ಹಾಲ್‌ನಲ್ಲಿ ಕೂತಾಗ ಹೊಟ್ಟೆ ಗುಡುಗುವುದು ಬೇಡ.